ಊದಲಾಗದ ಮಗುವಿನ ಚೀಟಿಯಲ್ಲಿ ನಾನು ಬರೆದ ಎರಡು ಪದ

ಮಾನ್ಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಮಕ್ಕಳ ಉಸಿರಾಟ ಪರೀಕ್ಷಿಸುವ ಹೊಸ ಯಂತ್ರವೊಂದು ಏಳು ತಿಂಗಳಿಂದ ಪ್ಲಾಸ್ಟಿಕ್ ಹೊದ್ದು ನಿಂತಿದೆ. ಅದು ಮಗುವನ್ನು ಮುಟ್ಟುವುದೇ ಇಲ್ಲ. ತಾಯಿಯ ತೊಡೆಯ ಮೇಲೆ ಕೂತ ಮಗುವಿನ ಎದೆಯ ಏರಿಳಿತವನ್ನು ಕ್ಯಾಮೆರಾದಿಂದಲೇ ನೋಡಿ, ಉಸಿರಾಟ ಹೇಗಿದೆಯೆಂದು ಗೆರೆ ಎಳೆದು ತೋರಿಸುತ್ತದೆ. ಅದಿನ್ನೂ ಬೀಗದೊಳಗೆ ಏಕಿದೆ? ಉದ್ಘಾಟನೆಗೆ ಬರಬೇಕಾದ ಗಣ್ಯರಿಗೆ ಬಿಡುವಾಗಿಲ್ಲ. ಅಲ್ಲಿಯವರೆಗೆ ಬಾಗಿಲು ತೆಗೆದವರ ಮೇಲೆ ಕ್ರಮ ಎಂದು ನೀವು ಮೆಮೊ ಹೊರಡಿಸಿದ್ದೀರಿ. ರಿಬ್ಬನ್ ಕತ್ತರಿಸದಿದ್ದರೆ ಯಂತ್ರ ಕೆಲಸ ಮಾಡುವುದಿಲ್ಲವೆಂದು ಕೈಪಿಡಿಯಲ್ಲಿ ಎಲ್ಲಾದರೂ ಬರೆದಿದೆಯೇ? ನಾನು ಎರಡು ಸಲ ಓದಿದ್ದೇನೆ, ನನಗಂತೂ ಸಿಗಲಿಲ್ಲ.

ಇಷ್ಟೆಲ್ಲ ಮಾತನಾಡುವ ನಾನೂ ಸಾಚಾ ಅಲ್ಲ. ಆ ಕೊಠಡಿಯ ಬೀಗದ ಕೈ ನನ್ನ ಬಳಿಯೇ ಇದೆ. ಪಕ್ಕದ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಮಕ್ಕಳ ಬಾಯಿಗೆ ಕೊಳವೆ ಇಟ್ಟು "ಜೋರಾಗಿ ಊದು" ಎನ್ನುವ ತಂತ್ರಜ್ಞೆ ನಾನು. ಊದದ ಮಕ್ಕಳ ಚೀಟಿಯಲ್ಲಿ "ಮಗು ಸಹಕರಿಸಲಿಲ್ಲ" ಎಂದು ಬರೆಯುವುದು ನಮ್ಮ ರೂಢಿ. ಎಷ್ಟು ಸಭ್ಯವಾದ ಮಾತು! ನಮ್ಮ ತಪ್ಪೂ ಇಲ್ಲ, ಯಂತ್ರದ ತಪ್ಪೂ ಇಲ್ಲ. ಮೂರಡಿ ಎತ್ತರದ ರೋಗಿಯದೇ ಎಲ್ಲಾ ತಪ್ಪು.

ಮೂರು ವಾರದ ಹಿಂದೆ ಹೊಲಿಗೆ ಕೆಲಸದ ಒಬ್ಬ ತಾಯಿ ನಾಲ್ಕು ವರ್ಷದ ಮಗಳನ್ನು ಕರೆತಂದಳು. ಒಂದು ವಾರದಿಂದ ಜ್ವರ, ಕೆಮ್ಮು. ಮಗು ಕೊಳವೆ ಕಚ್ಚಿತು, ಉಗುಳಿತು, ಅತ್ತಿತು. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ನನಗೆ ರೇಗಿಹೋಯಿತು.

"ಇಷ್ಟು ಹಠ ಒಳ್ಳೇದಲ್ಲ ಪುಟ್ಟಿ. ಒಂದ್ಸಲ ಊದು, ಮುಗೀತು."

"ಆಂಟಿ, ಊದಕ್ಕೆ ನನ್ಹತ್ರ ಗಾಳೀನೇ ಇಲ್ಲ," ಎಂದಿತು ಮಗು.

ನಾನು ನಕ್ಕೆ. ಮಾನ್ಯರೇ, ನಿಜವಾಗಿಯೂ ನಕ್ಕೆ. ಇಷ್ಟು ಸ್ಪಷ್ಟವಾದ ವರದಿಯನ್ನು ಇಷ್ಟು ವರ್ಷಗಳಲ್ಲಿ ಯಾವ ಯಂತ್ರವೂ ನನಗೆ ಕೊಟ್ಟಿರಲಿಲ್ಲ. ಮಾಮೂಲಿ ಎರಡು ಪದ ಗೀಚಿ, "ಮುಂದಿನವರು ಬನ್ನಿ" ಎಂದೆ. ಅದನ್ನು ನೋಡಿದ ವೈದ್ಯರು ಸಿರಪ್ ಬರೆದು ಮನೆಗೆ ಕಳಿಸಿದರು. ಮೂರನೇ ದಿನ ತುಟಿ ನೀಲಿಗಟ್ಟಿದ ಮಗುವನ್ನು ಎತ್ತಿಕೊಂಡು ತಾಯಿ ಓಡಿಬಂದಳು. ನ್ಯುಮೋನಿಯಾ, ಎರಡೂ ಕಡೆ. ಮಗು ಬದುಕಿದೆ, ಆದರೆ ಇನ್ನೂ ಆಕ್ಸಿಜನ್ ಮೇಲಿದೆ. ಹೊಸ ಯಂತ್ರ ಅಂದೇ ಅದನ್ನು ಹಿಡಿಯುತ್ತಿತ್ತೋ ಇಲ್ಲವೋ, ಹೇಳಲಾರೆ. ಅದು ಗೋಡೆಯಾಚೆಯೇ ಇತ್ತು, ನಿಮ್ಮ ಮೆಮೊಗೆ ಹೆದರಿ ನಾನು ಬಾಗಿಲು ತೆಗೆಯಲಿಲ್ಲ. ಇಷ್ಟಂತೂ ಗೊತ್ತು.

ಕಳೆದ ವಾರ ವಾರ್ಡಿನ ಹೊರಗೆ ಆ ತಾಯಿ ನನ್ನನ್ನು ತಡೆದಳು. ಬೈಯುತ್ತಾಳೆ ಎಂದುಕೊಂಡೆ.

"ಮೇಡಂ, ಅವತ್ತು ಇವಳು ನಿಮಗೆ ತುಂಬಾ ತೊಂದ್ರೆ ಕೊಟ್ಬಿಟ್ಳು. ಮನಸ್ಸಲ್ಲಿ ಇಟ್ಕೋಬೇಡಿ. ಮನೆಗೆ ಹೋಗಿ ಚೆನ್ನಾಗಿ ಬೈದಿದೀನಿ."

ಉಸಿರಿಗೆ ಒದ್ದಾಡುತ್ತಿದ್ದ ಮಗುವನ್ನು ಬೈದಿದ್ದಾಳೆ, ನನ್ನ ಚೀಟಿ ನಂಬಿ. ಮತ್ತು ನಾನು ಏನೆಂದೆ ಗೊತ್ತೇ? "ಪರವಾಗಿಲ್ಲ ಬಿಡಮ್ಮ" ಎಂದೆ. ಆಮೇಲೆ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೊಠಡಿ ತೆರೆಯಲು ಲಿಖಿತ ಆದೇಶ ಕೊಡಿ. ಕೊಡದಿದ್ದರೂ ತೆರೆಯುತ್ತೇನೆ, ಮೆಮೊ ಕಳಿಸಿ. ಈ ಪತ್ರವನ್ನು ನಿಮ್ಮ ಕಚೇರಿಗೆ ಕೊಡದೆ ಪತ್ರಿಕೆಗೆ ಕಳಿಸಿದ್ದು ಧೈರ್ಯದಿಂದಲ್ಲ. ಆ ಮಗುವಿನ ಮಂಚದವರೆಗೆ ಮೂರು ಸಲ ಹೋಗಿ, ಬಾಯಿ ಬಾರದೆ ವಾಪಸು ಬಂದಿದ್ದೇನೆ. ಇದು ಅಚ್ಚಾದ ಬೆಳಿಗ್ಗೆ, ಬೇರೆ ಯಾರೋ ಓದಿ ಹೇಳುವ ಮೊದಲು, ನಾನೇ ಓಡಿಹೋಗಿ ಆ ತಾಯಿಗೆ ಹೇಳಲೇಬೇಕಾಗುತ್ತದೆ: ನಿಮ್ಮ ಮಗಳು ಹಠ ಮಾಡಿರಲಿಲ್ಲ.

ಇಂತಿ,
ಕ್ಷಮೆ ಕೇಳಬೇಕಾದಲ್ಲಿ ಕ್ಷಮಿಸಿ ಬಂದ
ಉಸಿರಾಟ ಪರೀಕ್ಷೆಯ ತಂತ್ರಜ್ಞೆ