ಪೊರಕೆಗೆ ಕೈಕುಲುಕಿದವರು

ಜನವರಿ 19, ಭಾನುವಾರ. ಹೊರಗೆ ಮೈನಸ್ ಮೂವತ್ತು.

ಒರೆಸ್ಟ್‌ನ ಸೀನು ಇನ್ನೂ ಕಿವಿಯಲ್ಲಿದೆ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಅದರ ಮುಂದೆ ಪೊರಕೆಯಿಂದ ಗುಡಿಸುತ್ತಾ ಆಡುವ ಕರ್ಲಿಂಗ್ ಪಂದ್ಯ ಮುಗಿದೊಡನೆ ಎದುರಾಳಿಗಳ ಕೈ ಕುಲುಕಬೇಕು. ಕೆನಡಾದ ನಮ್ಮ ಮ್ಯಾನಿಟೋಬಾದಲ್ಲಿ ಅದನ್ನು ತಪ್ಪಿಸುವುದಕ್ಕಿಂತ ಸಾಯುವುದೇ ಮರ್ಯಾದೆ. ಎದುರು ತಂಡದ ನಾಯಕ ಒರೆಸ್ಟ್ ಅಂಗೈಗೆ ಸೀನಿ, ಅದೇ ಕೈ ಚಾಚಿದ.

"ತಪ್ಪು ತಿಳ್ಕೋಬೇಡಪ್ಪಾ, ನನ್ ಮೈ ತನ್ನ ಜೊತೆ ತಾನೇ ಜಗಳ ಆಡತ್ತೆ. ಸೋಂಕು ತಗುಲಬಾರದು" ಎಂದೆ.

"ಅಷ್ಟು ಜಗಳಗಂಟಿ ಮೈ ಇದ್ಮೇಲೆ ನೆಗಡಿಗ್ಯಾಕೆ ಹೆದರ್ತೀಯ, ವರ್ನಾ?"

ಎಲ್ಲರೂ ಕೇಳುವುದು ಇದನ್ನೇ. ಡಾಕ್ಟರು ಹೇಳುವ ಪ್ರಕಾರ, ವೈರಸ್ ಬಂತೆಂದು ಕೂಗುವ ದೂತನನ್ನೇ ನನ್ನ ರಕ್ತದ ಕಾವಲುಗಾರರು ಹಿಡಿದು ಬಾಯಿ ಮುಚ್ಚಿಸುತ್ತಾರಂತೆ; ವೈರಸ್ ಒಳಗೆ ನುಗ್ಗಿದ್ದು ಮೈಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಹೋದ ಚಳಿಗಾಲದಲ್ಲಿ ಬರೀ ಫ್ಲೂ ಬಂದು, ಉಸಿರಾಟದ ಯಂತ್ರ ಹಾಕಿಸಿಕೊಂಡು ಮಲಗಿದ್ದೆ. ಮಂಜುಗಡ್ಡೆಯ ಮೇಲೆ ನಿಂತು ಅದನ್ನೆಲ್ಲ ಹೇಳುವುದು ಹೇಗೆ? ಕಲ್ಲಿನ ಮುಂದೆ ಗುಡಿಸುತ್ತಿದ್ದ ಪೊರಕೆಯ ಹಿಡಿಯನ್ನೇ ಚಾಚಿದೆ. ಪುಣ್ಯಾತ್ಮ, ಅದನ್ನೇ ಗಂಭೀರವಾಗಿ ಕುಲುಕಿದ. ಅವನ ಹಿಂದಿದ್ದ ಮೂವರೂ ಸಾಲಾಗಿ ಬಂದು ಕುಲುಕಿದರು.

ಪಂದ್ಯ ಸೋತಿದ್ದರೂ ಗೆದ್ದವಳಂತೆ ಕಾರು ಹತ್ತಿದೆ. ಅರ್ಧ ದಾರಿಯಲ್ಲಿ ನನ್ನ ಗಂಡ ಲಾರ್ನ್ ಕೇಳಿದ: "ಆ ಹಿಡಿಗೆ ಕೆನ್ನೆ ಆನಿಸ್ಕೊಂಡು ತೂಕಡಿಸ್ತಿದ್ದೀಯಲ್ಲ, ಒರೆಸಿದ್ಯಾ?"

ಪೊರಕೆ ಈಗ ಹಿಮದಲ್ಲಿ ಶಿಕ್ಷೆಗೆ ನಿಂತಿದೆ. ಕಿಟಕಿಯಿಂದ ನೋಡಿದರೆ ಪಾಪ ಅನಿಸುತ್ತದೆ. ಕಾಯಲು ನಿಂತದ್ದೇ ಶತ್ರುವನ್ನು ಕೆನ್ನೆಯವರೆಗೆ ಕರೆತಂದಿತು. ನನ್ನ ರಕ್ತದ್ದೂ ಇದೇ ಬುದ್ಧಿ, ಆದರೆ ಅದನ್ನು ಹೊರಗೆ ನಿಲ್ಲಿಸುವಂತಿಲ್ಲ.

ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಜ್ವರ ಇನ್ನೂ ಇಲ್ಲ.

ಅಯ್ಯೋ, ಈಗ ಲಾರ್ನ್ ಸೀನಿದ. ಪೊರಕೆಯ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇದೆ.