ಬಿರುಕಿನ ಮೇಲಿನ ಗಾಜು

ಜುಲೈ 6, ಸೋಮವಾರ

ಇವತ್ತು ಬೆಳಗ್ಗೆ ಶಾಲೆಯವರು ಒಡೆದ ಗಾಜನ್ನು ಕಿತ್ತು ಹೊಸದು ಅಂಟಿಸಿದರು. ಅನ್ಯಾಯ ನಡೆದದ್ದು ನನ್ನ ಕಣ್ಣೆದುರೇ. ಬರೆದಿಡುತ್ತೇನೆ.

ಎಂದಿನಂತೆ ಮಗಳಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಅವಳು ಪಾಠ ಹೇಳುವುದು ಒಂದನೇ ಕ್ಲಾಸಿಗೆ. ಕೋಣೆಯ ಹಿಂಗೋಡೆಯಲ್ಲಿ ಬಿರುಕು. ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದ್ದರು — ಗೋಡೆ ಜರುಗಿದರೆ ಗಾಜು ಒಡೆಯುತ್ತದೆ, ತಿಳಿಯುತ್ತದೆ. ಒಡೆದಿತ್ತು.

ಯಾಕೆ ಬದಲಿಸಿದಿರಿ ಎಂದರೆ, ಗಾಜು ಅಂಟಿಸಲು ಬಂದಿದ್ದ ಇಂಜಿನಿಯರ್ ನಗುತ್ತ, "ಚೂರು ಮಕ್ಕಳ ಕೈಗೆ ಚುಚ್ಚಿದ್ರೆ ಏನ್ ಗತಿ ಸರ್? ಸೇಫ್ಟಿಗೋಸ್ಕರಾನೇ ಬದಲಾಯಿಸಿದ್ದು."

ಸೇಫ್ಟಿ! ಜ್ವರ ಏರಿತೆಂದು ಥರ್ಮಾಮೀಟರ್ ಬದಲಿಸುವ ಬುದ್ಧಿ.

ಜುಲೈ 7

ನಾನಿನ್ನೂ ಓದುತ್ತಿದ್ದಾಗ ಅಣ್ಣನೂ ಹೀಗೇ ನಕ್ಕಿದ್ದ. ಹಳೆಯ ಮಾರ್ಕೆಟ್ಟಿನಲ್ಲಿ ಅವನ ಚಪ್ಪಲಿ ಅಂಗಡಿ. ಅಲ್ಲೂ ಬಿರುಕು, ಅಲ್ಲೂ ಗಾಜು. ಒಡೆದದ್ದನ್ನು ತೋರಿಸಿದರೆ, "ಯಾವನೋ ಕಲ್ಲು ಹೊಡೆದಿರ್ತಾನೆ, ಹೋಗೋ, ಓದ್ಕೋ ಹೋಗೋ" ಎಂದ. ಆ ವಾರವೇ ಗೋಡೆ ಬಿತ್ತು. ಅವನನ್ನು ಗುರುತಿಸಿದ್ದು ಕಾಲಲ್ಲಿದ್ದ ಚಪ್ಪಲಿಯಿಂದ.

ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಬೇಡ ಎಂದು ಮಗಳಿಗೆ ಮತ್ತೆ ಹೇಳಿದೆ.

"ಅಪ್ಪಾ, ನಿಂಗೆ ಗೋಡೆ ಕಂಡ್ರೆ ಸಾಕು, ದೊಡ್ಡಪ್ಪ ನೆನಪಾಗ್ತಾರೆ. ನಮ್ಮನೆ ಗೋಡೆಗೂ ಒಂದು ಅಂಟಿಸಿಬಿಡು."

ಒಳಗಿನಿಂದ ನನ್ನಾಕೆ: "ಮೊದಲು ಅವರ ಬಾಯಿಗೆ ಅಂಟಿಸೇ!"

ಇಬ್ಬರೂ ನಕ್ಕರು. ನಾನೂ...

ಜುಲೈ 13

ಮತ್ತೆ ಒಡೆದಿದೆ. ಎರಡು ತುಂಡುಗಳ ನಡುವೆ ಈ ಸಲ ಉಗುರು ತೂರುತ್ತದೆ. ಸಂಜೆಯೊಳಗೆ ಮತ್ತೆ ಹೊಸದು. ಕೇಳಲು ಹೋದೆ.

ಹೆಡ್‌ಮಾಸ್ಟರ್: "ಯಜಮಾನ್ರೇ, ಮನೇಲಿ ಪೇಪರ್ ಬರಲ್ವಾ ಓದೋಕೆ?"

ಬರುತ್ತದೆ. ಮಾರ್ಕೆಟ್ ಬಿದ್ದ ಸುದ್ದಿಯೂ ಅದರಲ್ಲೇ ಬಂದಿತ್ತು.

ಜುಲೈ 21

ಮಗಳು ಸಪ್ಪಗೆ ಬಂದಳು. ಬ್ಯಾಗು ಹೆಗಲಿನಿಂದ ಇಳಿಸಲೇ ಇಲ್ಲ.

"ಅಪ್ಪಾ, ಕ್ಲಾಸಿನ ಬಾಗಿಲು ಇವತ್ತು ಮುಚ್ಚೋಕೇ ಬರಲಿಲ್ಲ. ಚೌಕಟ್ಟು ಕಚ್ಕೊಂಡ್‌ಬಿಟ್ಟಿದೆ. ಪುಟಾಣಿಗಳು ಆಟ ಅಂದ್ಕೊಂಡು ಎಲ್ಲಾ ಸೇರಿ ದಬ್ಬಿದ್ವು..."

ಬ್ಯಾಗು ನಾನೇ ಇಳಿಸಿದೆ. ಅವಳೇ, "ನಾಳೆಯಿಂದ ಅಂಗಳದಲ್ಲಿ ಕೂರಿಸ್ತೀನಿ" ಎಂದಳು.

ನನ್ನ ಮಾತಿಗೆ ಬಗ್ಗದವಳು. ಬಾಗಿಲಿಗೆ ಬಗ್ಗಿದಳು.

ಜುಲೈ 24

ಅಂಗಳದಲ್ಲಿ ಪಾಠ ಮಾಡಿದ್ದಕ್ಕೆ ಮಗಳಿಗೆ ನೋಟಿಸ್. ಸೋಮವಾರ ತಪಾಸಣೆಗೆ ಇಲಾಖೆಯ ಸಾಹೇಬರು ಬರುತ್ತಾರೆ. ಮಕ್ಕಳು ಕೋಣೆಯಲ್ಲೇ ಇರಬೇಕು, ಇಲ್ಲವಾದರೆ ಅವಳು ಕೆಲಸ ಬಿಡಬೇಕು.

ಗಾಜು ತೆಗೆದು ಈಗ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದಾರೆ. "ಇನ್ಮೇಲೆ ಒಡೆಯೋ ತಂಟೇನೇ ಇಲ್ಲ" ಎಂದನಂತೆ ಇಂಜಿನಿಯರ್.

ಜುಲೈ 27, ಸೋಮವಾರ. ಬೆಳಗ್ಗೆ ಒಂಬತ್ತೂವರೆ

ಶಾಲೆಯ ಗೇಟಿನ ಬಳಿ ಕೂತು, ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ. ಮಗಳು ಮಕ್ಕಳನ್ನು ಅಂಗಳದಲ್ಲೇ ಕೂರಿಸಿದ್ದಾಳೆ. ಹೆಡ್‌ಮಾಸ್ಟರ್ ಎಬ್ಬಿಸುತ್ತಿದ್ದಾರೆ — "ಏಳಿ, ಒಳಗೆ ನಡೀರಿ, ಬೇಗ." ಕೆಲವರು ಎದ್ದೇಬಿಟ್ಟರು, ಪಾಪ, ಸಾಲಾಗಿ. ಬಿಡಲು ಬಂದ ತಾಯಂದಿರು ಸುಮ್ಮನೆ ನೋಡುತ್ತಿದ್ದಾರೆ. ಕೋಣೆಯ ಬಾಗಿಲ ಮೇಲಿಂದ ಸುಣ್ಣದ ಪುಡಿ ಉದುರುತ್ತಿದೆ, ಗಾಳಿಯೇ ಇಲ್ಲ.

ಸಾಹೇಬರ ಕಾರು ಬಂತು. ಏಳುತ್ತೇನೆ. ಕೇಳುವುದು ಒಂದೇ. ಗಾಜು ಒಡೆದದ್ದು ಗೊತ್ತಿದ್ದೂ ಅದನ್ನು ಬದಲಿಸಲು ಹೇಳಿದ್ದು ಯಾರು? ಕಚೇರಿಯೊಳಗೆ ಕರೆದು ಟೀ ಕೊಟ್ಟಲ್ಲ. ಇಲ್ಲೇ, ಈ ತಾಯಂದಿರ ಎದುರು ಹೇಳಲಿ. ಹೇಳುವವರೆಗೆ ಒಂದು ಮಗುವೂ ಆ ಹೊಸ್ತಿಲು ದಾಟದು. ಬಾಗಿಲಿಗೆ ಅಡ್ಡ ನಾನೇ —