ಹಿತ್ತಲ ದಿಬ್ಬಕ್ಕೆ ಹಲಗೆಯ ಗೋಡೆ

ಮನೆಯಿಂದ
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ, ಇಲ್ಲಾ ತಟ್ಟೆಯಲ್ಲಿ ಅತ್ತಿತ್ತ ಆಡಿಸಿ ಹಾಗೇ ಬಿಡುತ್ತೀಯೋ? ನಿನ್ನ ಕೈಗೆ ಕಸರತ್ತು ಮಾಡಿಸುವ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಸೊಂಟ ಮಾತ್ರ ಹಿಡಿದುಕೊಂಡಿದೆ, ಕಾರಣ ಹೇಳುತ್ತೇನೆ.

ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಮುಂದೆ ಹನ್ನೊಂದು ಮೆಟ್ಟಿಲು, ಹಿಂದೆ ದಿಬ್ಬ, ಗಾಲಿ ಕುರ್ಚಿ ಆ ಮನೆಯೊಳಗೆ ಎಲ್ಲಿಂದ ಬರಬೇಕು, ನಾನು ಈ ಆಸ್ಪತ್ರೆಯವರ ಹಾಸ್ಟೆಲಿನಲ್ಲೇ ಇದ್ದುಬಿಡುತ್ತೇನೆ ಅಂತ. ಓದಿ ಎರಡು ದಿನ ನನಗೆ ಹೊಲಿಗೆ ಮಿಷನ್ನಿನ ಮುಂದೆ ಕೂರಲಾಗಲಿಲ್ಲ. ಮೂರನೆಯ ದಿನ ನಿಮ್ಮಪ್ಪ ಗುದ್ದಲಿ ಹಿಡಿದು ಹಿತ್ತಲಿಗೆ ಹೋದರು. ಹಿಂದಿನ ಗೇಟಿನಿಂದ ಅಡುಗೆಮನೆಯ ಬಾಗಿಲಿನವರೆಗೆ, ಮನೆಯ ಪಕ್ಕದಲ್ಲೇ ದಿಬ್ಬ ಕಡಿದು ಸಮತಟ್ಟಾದ ದಾರಿ ಮಾಡುವುದು, ಮೇಲಿನ ಮಣ್ಣು ಜಾರದಂತೆ ಮರದ ಗೋಡೆ ನಿಲ್ಲಿಸುವುದು ಅಂತ ತೀರ್ಮಾನ. ತೀರ್ಮಾನವೇನೋ ಆಯಿತು, ಅಲ್ಲಿಂದ ಮುಂದೆ ನನ್ನ ತಲೆ ಗೊಂದಲದ ಗೂಡಾಗಿದೆ. ಅವರು ಕಂಬ ಇಲ್ಲಿ ಅಂದರೆ ನಾನು ಅಲ್ಲಿ ಅನ್ನುತ್ತೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಕೋಣ ಯಾರು ಅಂತ ಕೇಳಬೇಡ.

ಗೆದ್ದವಳು ನಾನೇ, ಅದೇ ತಪ್ಪಾಯಿತು. ಮೂವತ್ತು ವರ್ಷ ಬಟ್ಟೆ ಹೊಲಿದವಳಿಗೆ ಹೊಲಿಗೆಯ ಅಂಚು ಒಳಗಿರಬೇಕು, ಅಂದ ಹೊರಗಿರಬೇಕು ಅನ್ನುವುದು ಕೈಗೆ ಅಂಟಿಬಿಟ್ಟಿದೆ. ಹಾಗಾಗಿ ಒರಟು ಕಂಬಗಳನ್ನು ಮಣ್ಣಿನ ಕಡೆಗೆ ನೆಡಿಸಿ, ನುಣುಪಾದ ಹಲಗೆಗಳಿಗೆ ದಾರಿಯ ಕಡೆಯಿಂದ ಮೊಳೆ ಹೊಡೆಸಿದೆ. ನೋಡಲು ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. ಹಿಂದೆ ಮಣ್ಣು ತುಂಬಿ, ಅದು ಕೂರಲೆಂದು ನೀರು ಬಿಟ್ಟ ಮರುದಿನ ನೋಡಿದರೆ ಹಲಗೆಗಳೆಲ್ಲ ಹೊಟ್ಟೆ ಬಿಟ್ಟುಕೊಂಡಿವೆ, ಎರಡು ಹಲಗೆ ಮೊಳೆ ಸಮೇತ ಕಿತ್ತು ದಾರಿಗೆ ಬಿದ್ದಿವೆ. ಬಡಗಿಯನ್ನು ಕರೆಸಿದೆವು. "ಅಮ್ಮಾ, ಹಲಗೆ ಕಂಬದ ಹಿಂದೆ ಇರ್ಬೇಕು. ಆಗ ಮಣ್ಣು ಎಷ್ಟು ತಳ್ಳಿದ್ರೂ ಕಂಬ ತಡೆಯುತ್ತೆ. ನೀವು ಭಾರ ಎಲ್ಲಾ ಮೊಳೆ ಮೇಲೆ ಹಾಕಿದ್ದೀರ" ಅಂದ. ಇಷ್ಟು ತಿಳಿಯಿತು. ಆಮೇಲೆ ಗೋಡೆ ನೆಟ್ಟಗಿರಬಾರದು, ದಿಬ್ಬದ ಕಡೆ ಸ್ವಲ್ಪ ವಾಲಿರಬೇಕು ಅಂದ. ಹಲಗೆಗಳ ನಡುವೆ ಸಂದು ಬಿಟ್ಟು, ನೀರು ಇಳಿದುಹೋಗಲು ಹಿಂದೆ ಜಲ್ಲಿ ಸುರಿಯಬೇಕು ಅಂದ. ತಡೆಯುವ ಗೋಡೆಗೆ ಸಂದು ಯಾಕೆ, ನಿಲ್ಲುವ ಗೋಡೆ ವಾಲುವುದು ಯಾಕೆ? ನಿಮ್ಮಪ್ಪ ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿದರು. ಅವರಿಗೂ ಅರ್ಥವಾಗಿಲ್ಲ, ನನಗೆ ಗೊತ್ತು.

ಈಗ ಎಲ್ಲ ಕಿತ್ತಾಗಿದೆ. ಕಂಬಗಳಿಗೆ ಹೊಸದಾಗಿ ಕುಣಿ ತೋಡಬೇಕು. ದಾರಿ ಎಷ್ಟು ಅಗಲ ಇರಲಿ ಎಂದು ಬಡಗಿ ಮೂರು ಸಲ ಕೇಳಿದ. ನಿಮ್ಮಪ್ಪ ನನ್ನ ಮುಖ ನೋಡಿದರು, ನಾನು ಬಟ್ಟೆ ಒಣಹಾಕುವ ತಂತಿ ನೋಡಿದೆ. ಸಾಕಾಗುವಷ್ಟು ಇರಲಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿದೆ. ಅಗಲ ಹೆಚ್ಚಾದರೆ ದಿಬ್ಬವನ್ನು ಇನ್ನಷ್ಟು ಕಡಿಯಬೇಕು, ಗೋಡೆ ಇನ್ನಷ್ಟು ಎತ್ತರವಾಗಬೇಕು. ಕಡಿಮೆಯಾದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಹೊತ್ತಿಗೆ ಸರಿಯಾಗಿ ಮಲಗು. ನಿನ್ನ ತೋಳಿಗೆ ಬಲ ಬರಲಿ, ಮನಸ್ಸಿಗೆ ಅದಕ್ಕಿಂತ ಹೆಚ್ಚು ಬರಲಿ. ಇದು ನಮ್ಮಿಬ್ಬರ ಆಶೀರ್ವಾದ.

ನಿನ್ನ
ಅಮ್ಮ

ತಾ.ಕ.: ಬರೆಯಲು ಮರೆತೆ ಅನ್ನಬೇಕೆಂದಿದ್ದೆ, ಅದು ಸುಳ್ಳು. ನಿನ್ನ ಕುರ್ಚಿಯ ಅಗಲ ಎಷ್ಟು? ಆರು ತಿಂಗಳಲ್ಲಿ ನಾಲ್ಕು ಸಲ ನಿನ್ನನ್ನು ನೋಡಲು ಬಂದೆ, ಪ್ರತಿ ಸಲವೂ ಟೇಪು ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಅಳೆದರೆ ನೀನು ಇನ್ನು ನಡೆಯುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ಈಗಲೂ ಒಪ್ಪಿದ್ದೇನೋ ಇಲ್ಲವೋ ತಿಳಿಯದು. ನೀನು ಮನೆಗೆ ಬರಬೇಕು, ಅಷ್ಟು ಮಾತ್ರ ಗೊತ್ತು. ಟೇಪನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಒಂದು ಗಾಲಿಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆ, ಎರಡೂ ಕಡೆ ನಿನ್ನ ಕೈ ಆಡಲು ಬೇಕಾದ ಜಾಗವನ್ನೂ ಸೇರಿಸಿ ಬರೆ. ನಿನ್ನ ಕಾಗದ ಬರುವ ತನಕ ಕುಣಿ ತೋಡಬೇಡ ಅಂತ ಬಡಗಿಗೆ ಹೇಳಿದ್ದೇನೆ.